ಹೊಳೆ ಮಲಗಿದೆ

ಹೊಳೆದಂಡೆಯ ಕಾವಲು ಮನೆ,
ಹಿರಿಯೂರು ತಾಲ್ಲೂಕು
20 ನವೆಂಬರ್ 2023

ಪೂಜ್ಯ ಗುರುಗಳಾದ ಹಾಲೇಶಪ್ಪನವರಿಗೆ ಕಾಟಯ್ಯನ ನಮಸ್ಕಾರಗಳು.

ತಮಗೆ ನನ್ನ ನೆನಪು ಇರಲಾರದು. 1996ರಲ್ಲಿ ತಾವು ಈ ತಾಲ್ಲೂಕಿನಲ್ಲಿ ಕನ್ನಡ ಮೇಷ್ಟ್ರಾಗಿದ್ದಾಗ ನಾನು ಎಂಟನೇ ತರಗತಿಯ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದೆ. ಹರಿಯಬ್ಬೆ ಕಡೆಯವನು, ಕುರಿ ಸಾಕುವವರ ಮನೆಯವನು. ಈಗ ಅರಣ್ಯ ಇಲಾಖೆಯಲ್ಲಿ ದಿನಗೂಲಿ ಕಾವಲುಗಾರ. ವೇದಾವತಿಯ ದಂಡೆಯಲ್ಲಿ ಕಾಯ್ದಿಟ್ಟ ಕಾಡೊಂದಿದೆ. ಒಂಬತ್ತು ವರ್ಷದಿಂದ ಅಲ್ಲಿದ್ದೇನೆ. ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಇದ್ದರೂ ತಾವು ಫೋನಿನಲ್ಲಿ ಬರುವ ಕನ್ನಡವನ್ನು ಓದುವುದಿಲ್ಲವೆಂದು ಡ್ರಿಲ್ ಮೇಷ್ಟ್ರು ಮಂಜಣ್ಣನವರು ಹೇಳಿ, ತಮ್ಮ ಹೊಳಲ್ಕೆರೆಯ ವಿಳಾಸ ಕೊಟ್ಟರು.

ವಿಷಯ ಇಷ್ಟು. ಈ ಚಳಿಗಾಲದಲ್ಲಿ ಪೇಟೆಯ ಜನರನ್ನು ಗುಂಪು ಮಾಡಿ ಹೊಳೆದಂಡೆಯಲ್ಲಿ ಆರು ಕಿಲೋಮೀಟರ್ ನಡೆಸಬೇಕೆಂದು ನಮ್ಮ ಸಾಹೇಬರಿಗೆ ಮನಸ್ಸಾಗಿದೆ. ಮೂರು ಸಲ ನಡೆಸಿ ನೋಡುತ್ತಾರೆ. ಸರಿಹೋದರೆ ಮುಂದೆಯೂ ನಾನೇ ನಡೆಸುವುದು. ಸರಿಹೋಗದಿದ್ದರೆ ಹೊರಗಿನ ಕಂಪನಿಯೊಂದಕ್ಕೆ ಕೊಟ್ಟು, ನನ್ನನ್ನು ಜೋಗಿಮಟ್ಟಿಗೆ ಬೆಂಕಿ ಕಾವಲಿಗೆ ಹಾಕುತ್ತಾರೆ. ಜೋಗಿಮಟ್ಟಿ ಒಳ್ಳೆಯ ಕಾಡೇ. ಆದರೆ ಅಲ್ಲಿ ಹೊಳೆ ಇಲ್ಲ. ನನಗೆ ಗೊತ್ತಿರುವುದು ಹೊಳೆ ಮಾತ್ರ.

ಬಂದವರ ಕೈಗೆ ಕೊಡಲು ಒಂದು ಹಾಳೆ ಬರೆಯಬೇಕಂತೆ. "ಕಾಡು ನಿನಗೆ ಗೊತ್ತೈತೆ ಕಾಟಯ್ಯ, ಒಪ್ಪಿದೆ. ನಿನ್ನ ಕನ್ನಡ ಹೆಂಗೈತೋ ಅದನ್ನ ನೋಡ್ಬೇಕು. ಬರೋರೆಲ್ಲ ಓದಿದೋರು," ಅಂದರು ಸಾಹೇಬರು. ನಾನು ಬರೆದದ್ದನ್ನು ಇದರ ಜೊತೆ ಇಟ್ಟಿದ್ದೇನೆ. ಹೊಳೆ ದಾಟುವುದು, ಪ್ರಾಣಿಗಳು ನೀರು ಕುಡಿಯುವ ವರತೆ, ಹೊಳೆಮತ್ತಿ ಮರಗಳು ಎಲ್ಲವೂ ಅದರಲ್ಲಿವೆ. ಧಯವಿಟ್ಟು ತಿದ್ದಿಕೊಡಿ.

ತಮ್ಮ ವಿದ್ಯಾರ್ಥಿ,
ಕಾಟಯ್ಯ

*

ಹೊಳಲ್ಕೆರೆ
28 ನವೆಂಬರ್ 2023

ಚಿರಂಜೀವಿ ಕಾಟಯ್ಯನಿಗೆ ಆಶೀರ್ವಾದಗಳು.

ನಿನ್ನ ಪತ್ರದಲ್ಲಿ ಎರಡೇ ತಪ್ಪುಗಳಿವೆ. ಕೊನೆಯ ಬೆಂಚಿನಿಂದ ಬಂದ ಪತ್ರಕ್ಕೆ ಇದು ಮರ್ಯಾದೆಯ ಸಂಗತಿ. ‘ದಯವಿಟ್ಟು’ ಎಂಬಲ್ಲಿ ಮಹಾಪ್ರಾಣ ಬೇಕಿಲ್ಲ. ವಿನಂತಿ ಮಾಡುವಾಗ ಅಷ್ಟೊಂದು ಉಸಿರನ್ನು ವ್ಯಯಿಸಬಾರದು. ‘ವರತೆ’ ಎಂಬುದು ‘ಒರತೆ’ ಎಂದಾಗಬೇಕು. ನೀನು ನನ್ನ ಯಾವ ವಿದ್ಯಾರ್ಥಿ ಎಂಬುದು ನೆನಪಾಗಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಮೂವತ್ತೆರಡು ವರ್ಷಗಳ ಸೇವೆಯಲ್ಲಿ ಮುಖಗಳು ಮಾಸಿವೆ, ಕೈಬರಹಗಳು ಉಳಿದಿವೆ. ನಿನ್ನ ‘ಳ’ಕಾರವನ್ನು ಎಲ್ಲಿಯೋ ನೋಡಿದ್ದೇನೆ.

ಹಾಳೆಯನ್ನು ಕೆಂಪು ಶಾಯಿಯಲ್ಲಿ ತಿದ್ದಿ ಕಳುಹಿಸುತ್ತಿದ್ದೇನೆ. ‘ಟ್ರೆಕ್ಕಿಂಗ್’ ಎಂಬುದನ್ನು ‘ನಡಿಗೆ’ ಎಂದು ಮಾಡಿದ್ದೇನೆ. ಬೆಟ್ಟ ಹತ್ತಿದರೆ ಅದು ಚಾರಣ. ಹೊಳೆಯ ಪಕ್ಕದಲ್ಲಿ ಸಾಗುವುದಕ್ಕೆ ನಡಿಗೆ ಎಂಬ ಮಾತೇ ಸಾಕು.

ಒಂದು ಭಾಗದ ಬಗೆಗೆ ಮಾತ್ರ ವಿವರವಾಗಿ ಬರೆಯಬೇಕಾಗಿದೆ. ನೀನು ಹೀಗೆ ಬರೆದಿದ್ದೀಯೆ: ‘ಹೊಳೆ ಎದ್ದಾಗ ಕಲ್ಲಿನ ಸಾಲಿನ ಮೇಲೆ ದಾಟಬೇಕು. ಬತ್ತಿದಾಗ ಎಲ್ಲಿ ಬೇಕಾದರೂ ದಾಟಬಹುದು. ಮಲಗಿದಾಗ ಕಲ್ಲಿನ ಸಾಲು ಬಿಟ್ಟು ಮರಳಿಗೆ ಇಳಿಯಬಾರದು.’ ಮಲಗುವುದು ಮನುಷ್ಯರ ಮತ್ತು ಪಶುಗಳ ಕ್ರಿಯೆ, ನದಿ ಮಲಗುವುದಿಲ್ಲ. ನೀರು ಕಾಣದ ನದಿಗೆ ‘ಬತ್ತಿದೆ’ ಎನ್ನಬೇಕು. ಹಾಗೆಂದ ಮೇಲೆ ನಿನ್ನ ಎರಡನೆಯ ವಾಕ್ಯವನ್ನು ಮೂರನೆಯದು ಅಲ್ಲಗಳೆಯುತ್ತದೆ. ಆದ್ದರಿಂದ ಮೂರನ್ನೂ ಒಂದಾಗಿಸಿದ್ದೇನೆ: ‘ನೀರಿದ್ದಾಗ ಕಲ್ಲಿನ ಸಾಲಿನ ಮೇಲೂ ನೀರಿಲ್ಲದಾಗ ಮರಳಿನ ಮೇಲೂ ನದಿಯನ್ನು ದಾಟಬಹುದು.’ ನೋಡು, ಎಷ್ಟು ಹಗುರವಾಯಿತು.

ಹೊಳಲ್ಕೆರೆ, ಹೊಸದುರ್ಗ ಮತ್ತು ಚಿತ್ರದುರ್ಗದ ನಿವೃತ್ತ ಶಿಕ್ಷಕರಾದ ನಾವು ಹನ್ನೊಂದು ಮಂದಿ, ಮಂಜಣ್ಣನೂ ಸೇರಿದಂತೆ, ಜನವರಿ ಏಳರ ಭಾನುವಾರ ನಿನ್ನ ಮೂರನೆಯ ನಡಿಗೆಗೆ ಬರುತ್ತೇವೆ. ನಾನು ಆರೋಗ್ಯವಾಗಿದ್ದೇನೆ.

ಶುಭವಾಗಲಿ,
ಹಾಲೇಶಪ್ಪ

ಕಾಟಯ್ಯ, ನಾನು ಇವರ ಮನೆಯಾಕೆ ದಾಕ್ಷಾಯಿಣಿ. ಲಕೋಟೆ ಅಂಟಿಸೋಕೆ ನನ್ನ ಕೈಗೆ ಕೊಟ್ಟಾರೆ, ಅದಕ್ಕೆ ಇಷ್ಟು ಬರಿತಿದೀನಿ. ಇವರ ಎಡಗಾಲು ಮಂಡಿ ನೋಯ್ತೈತೆ. ಆರೋಗ್ಯವಾಗಿದೀನಿ ಅಂತ ಬರ್ದಿರೋದನ್ನ ನಂಬಬೇಡಪ್ಪ. ಸ್ವಲ್ಪ ನಿಧಾನಕ್ಕೆ ನಡೆಸು. ನಾನು ಬರ್ದಿರೋದ್ರಲ್ಲಿ ತಪ್ಪಿದ್ರೆ ಹಂಗೇ ಇರಲಿ.

*

ಹೊಳೆದಂಡೆಯ ಕಾವಲು ಮನೆ
6 ಡಿಸೆಂಬರ್ 2023

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ತಿದ್ದಿದ ಹಾಳೆ ತಲುಪಿತು. ಸಾಹೇಬರು ಓದಿ, "ಈಗ ಕನ್ನಡ ಕನ್ನಡದಂಗೈತೆ," ಅಂದರು. ತಾವು ತಿದ್ದಿದಂತೆಯೇ ಇನ್ನೂರು ಪ್ರತಿ ಅಚ್ಚಾಗಿದೆ. ನನ್ನ ಮಗಳು ಪಲ್ಲವಿ ಒಂಬತ್ತನೇ ತರಗತಿಯಲ್ಲಿದ್ದಾಳೆ. ಹಾಳೆಯನ್ನು ಅವಳ ಅಜ್ಜಿಗೆ, ಅಂದರೆ ನನ್ನ ತಾಯಿ ಬರಗೇರಮ್ಮನಿಗೆ, ಜೋರಾಗಿ ಓದಿ ಹೇಳಿದಳು. ಅವ್ವ ಹೊಳೆ ದಾಟುವ ಕಡೆಗೆ ಬಂದಾಗ, "ಇನ್ನೊಂದ್ಸಲ ಓದು," ಅಂದಳು. ಓದಿದ ಮೇಲೆ ಎದ್ದು ಕುರಿಗಳ ಕಡೆ ಹೋದಳು.

ಆ ಒಂದು ಪದದ ಬಗ್ಗೆ ನಾನೂ ಒಂದು ಮಾತು ಹೇಳಬೇಕೆಂದಿದ್ದೆ. ಆದರೆ ಅದನ್ನು ತಾವು ಹಿಂದೆಯೂ ಒಮ್ಮೆ ತಿದ್ದಿದ್ದಿರಿ. ಎರಡು ಸಲ ತಿದ್ದಿಸಿಕೊಂಡ ಮೇಲೆ ವಾದ ಮಾಡುವುದು ಸರಿಯಲ್ಲ. ದಾಟುವ ಜಾಗದಲ್ಲಿ ನಾನೇ ಮುಂದೆ ಇರುತ್ತೇನೆ. ಮೊದಲ ಎರಡು ನಡಿಗೆಯಲ್ಲೂ ಹಾಗೆಯೇ ಇರುತ್ತೇನೆ, ತೊಂದರೆ ಆಗುವುದಿಲ್ಲ.

ಬೆಳಿಗ್ಗೆ ಏಳಕ್ಕೆ ಹೊರಡುವುದು. ಆ ಹೊತ್ತಿಗೆ ಹೊಳೆಯ ಮೇಲೆ ಮಂಜಿರುತ್ತದೆ. ಕಿವಿಗೆ ಬಟ್ಟೆ ಕಟ್ಟಿಕೊಂಡು ಬನ್ನಿ. ಅಮ್ಮನವರು ಹೇಳಿದ್ದನ್ನು ನೆನಪಿನಲ್ಲಿಟ್ಟಿದ್ದೇನೆ.

ಕಾಟಯ್ಯ

*

ಹೊಳಲ್ಕೆರೆ
18 ಡಿಸೆಂಬರ್ 2023

ಚಿರಂಜೀವಿ ಕಾಟಯ್ಯನಿಗೆ,

‘ಅಮ್ಮನವರು ಹೇಳಿದ್ದು’ ಏನೆಂದು ವಿಚಾರಿಸಿದೆ. "ನಂಗೂ ಕಾಟಯ್ಯಂಗೂ ಸಾವಿರ ಇರ್ತಾವೆ," ಎಂದಳು.

ಚಿತ್ರದುರ್ಗಕ್ಕೆ ಹೋಗಿ ನಡಿಗೆಗೆಂದೇ ಒಂದು ಜೊತೆ ಬೂಟು ಕೊಂಡಿದ್ದೇನೆ. ನನ್ನ ಜೀವಮಾನದಲ್ಲಿ ಇದು ಎರಡನೆಯ ಜೊತೆ. ಮೊದಲನೆಯದನ್ನು ಮದುವೆಯಲ್ಲಿ ಹಾಕಿಸಿದ್ದರು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಮತ್ತು ಅವರೆಕಾಳಿನ ಪಲ್ಯವನ್ನು ಜಯಕ್ಕನವರು ತರುತ್ತಾರೆ. ಅವರು ಹೊಸದುರ್ಗದಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದವರು, ಸಮಯಪಾಲನೆಯಲ್ಲಿ ನನಗಿಂತ ಕಠಿಣರು. ಏಳು ಗಂಟೆ ಎಂದರೆ ಆರು ಐವತ್ತು ಎಂದು ತಿಳಿದುಕೋ.

ಪದದ ವಿಷಯದಲ್ಲಿ ನಿನ್ನ ವಿನಯ ಮೆಚ್ಚಿಕೆಯಾಯಿತು. ಶುದ್ಧವಾದದ್ದನ್ನು ಒಮ್ಮೆ ಒಪ್ಪಿಕೊಂಡ ಮೇಲೆ ಮನಸ್ಸಿಗೆ ಹೇಗೆ ನೆಮ್ಮದಿಯಾಗುತ್ತದೆ ಎಂಬುದು ಈಗ ನಿನಗೂ ತಿಳಿದಿರಬೇಕು.

ಹಾಲೇಶಪ್ಪ

*

ಹೊಳೆದಂಡೆಯ ಕಾವಲು ಮನೆ
10 ಜನವರಿ 2024

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ತಮ್ಮ ಮಂಡಿ ಹೇಗಿದೆ? ಮನೆಗೆ ತಲುಪಿದ್ದು ಎಷ್ಟು ಹೊತ್ತಾಯಿತು? ಭಾನುವಾರದಿಂದ ಇದೇ ಯೋಚನೆ.

ನಡೆದದ್ದು ಸಾಹೇಬರಿಗೆ ಗೊತ್ತಾಗಿದೆ. ಹನ್ನೊಂದು ಜನ ನೋಡಿದ್ದು ಮುಚ್ಚಿಡುವ ವಿಷಯವಲ್ಲ, ನಾನೂ ಮುಚ್ಚಿಡಲಿಲ್ಲ. "ಯಾರು ಏನಂದ್ರು ಅನ್ನೋದೂ ಸೇರಿಸಿ ವರದಿ ಬರ್ದುಕೊಡು. ಆಮೇಲೆ ಜೋಗಿಮಟ್ಟಿ ವಿಷಯ ನೋಡಾಣ," ಅಂದಿದ್ದಾರೆ. ತಿಂಗಳ ಕೊನೆಯೊಳಗೆ ಕೊಡಬೇಕು. ತಮಗೆ ತೋರಿಸದೆ ಕೊಡಲು ನನಗೆ ಇಷ್ಟವಿಲ್ಲ. ವರದಿ ಹೀಗಿದೆ:

‘7–1–2024ರ ಭಾನುವಾರ ಬೆಳಿಗ್ಗೆ ಆರು ಐವತ್ತಕ್ಕೆ ನಿವೃತ್ತ ಶಿಕ್ಷಕರು ಹನ್ನೊಂದು ಜನ ಬಂದರು. ಎಲ್ಲರಿಗೂ ಹಾಳೆ ಕೊಟ್ಟೆನು. ಏಳಕ್ಕೆ ಹೊರಟೆವು. ಮಂಜು ದಟ್ಟವಾಗಿದ್ದು ಎಂಟರ ಸುಮಾರಿಗೆ ಕರಗಿತು. ಎರಡು ಮಿಂಚುಳ್ಳಿ, ನವಿಲಿನ ಒಂದು ಗುಂಪು, ನರಿಯ ಹೆಜ್ಜೆ ಕಂಡವು. ಎಲ್ಲರೂ ಸಂತೋಷದಿಂದ ಇದ್ದರು. ನನ್ನ ಮಗಳು ಪಲ್ಲವಿ ಮರಗಳ ಹೆಸರು ಹೇಳುತ್ತ ಜೊತೆಗೆ ನಡೆದಳು.

‘ಮೂರನೇ ಕಿಲೋಮೀಟರಿನಲ್ಲಿ ಜಯಕ್ಕ ಮೇಡಂ ಅವರ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ನಾನು ಹಿಂದೆ ನಿಂತು ಅದನ್ನು ದಾರದಲ್ಲಿ ಕಟ್ಟುತ್ತಿದ್ದೆನು. ಅಷ್ಟರಲ್ಲಿ ಮುಂದಿದ್ದವರು ಹೊಳೆ ದಾಟುವ ಜಾಗಕ್ಕೆ ತಲುಪಿದರು. ಅಲ್ಲಿ ಹೊಳೆ ಮಲಗಿತ್ತು. ಅಂದರೆ ಮೇಲೆ ಒಣ ಮರಳು, ಒಂದು ಗೇಣಿನ ಕೆಳಗೆ ನೀರು. ಹಾಲೇಶಪ್ಪನವರು ಹಾಳೆಯಲ್ಲಿದ್ದ ವಾಕ್ಯವನ್ನು ಎಲ್ಲರಿಗೂ ಕೇಳುವಂತೆ ಓದಿ, “ನೀರಿಲ್ಲ. ಆದ್ದರಿಂದ ಮರಳಿನ ಮೇಲೆ,” ಎಂದು ಇಳಿದರು. ನಾನು ಕೂಗಿದ್ದು ಅವರಿಗೆ ಕೇಳಿಸಲಿಲ್ಲ. ಕಿವಿಗೆ ಬಟ್ಟೆ ಕಟ್ಟಿದ್ದರು. ನಾಲ್ಕನೇ ಹೆಜ್ಜೆಗೆ ಎಡಗಾಲು ಮಂಡಿಯವರೆಗೆ ಒಳಗೆ ಹೋಯಿತು.

‘ಮಂಜಣ್ಣನವರು ದಂಡೆಯಿಂದಲೇ, “ಮೇಷ್ಟ್ರೇ, ನಿಮ್ಮ ಕಾಲು ಈಗ ಯಾವ ವಿಭಕ್ತಿಲೈತ್ರಿ?” ಎಂದು ಕೇಳಿದರು.

‘“ಮರಳಿನಲ್ಲಿ. ಸಪ್ತಮಿ,” ಎಂದು ಹಾಲೇಶಪ್ಪನವರು ಉತ್ತರಿಸಿದರು.

‘“ಹಂಗಾದ್ರೆ ಬೇಗ ಮರಳಿನ ದೆಸೆಯಿಂದ ಈಚೆ ಬರ್ರಿ. ಪಂಚಮಿ.”

‘ಜಯಕ್ಕ ಮೇಡಂ ಹಿಂದಿನಿಂದ, “ಮಂಜಣ್ಣ, ನಗೋದು ಆಮೇಲೆ, ಮೊದ್ಲು ಕೈ ಕೊಡ್ರಿ,” ಎಂದರು. ಆದರೆ ಕೈ ಕೊಡಲು ಹೋದವರೂ ಹೂತುಹೋಗುತ್ತಿದ್ದರು. ಆಗ ನನ್ನ ತಾಯಿ ಬರಗೇರಮ್ಮ, ಆಚೆ ದಂಡೆಯಲ್ಲಿ ಕುರಿಮರಿಗಳ ಜೊತೆ ಕೂತಿದ್ದವಳು, ಕಲ್ಲಿನ ಸಾಲಿನ ಮೇಲೆ ಬಂದು ಹೊದ್ದಿದ್ದ ಕಂಬಳಿಯನ್ನು ಮರಳಿನ ಮೇಲೆ ಹಾಸಿದಳು. “ಏನಪ್ಪ ಮೇಷ್ಟ್ರೇ, ಮಲಗಿದೋಳ್ನ ತುಳಿದ್ರೆ ಸುಮ್ನಿರ್ತಾಳಾ? ಕಂಬಳಿ ಮ್ಯಾಲೆ ಮಕಾಡೆ ಬೀಳ್ರಿ,” ಎಂದಳು. ಹಾಲೇಶಪ್ಪನವರು ಹಾಗೆಯೇ ಮಾಡಿದರು. ಕಂಬಳಿಯ ಸಮೇತ ಅವರನ್ನು ಕಲ್ಲಿನ ಮೇಲಕ್ಕೆ ಎಳೆದುಕೊಂಡೆವು. ಗಾಯವಾಗಲಿಲ್ಲ. ಕಾಲು ತೆಗೆದ ಗುಂಡಿಯಲ್ಲಿ ನೀರು ತುಂಬಿತು. ಎಡಗಾಲಿನ ಬೂಟು ಸಿಗಲಿಲ್ಲ. ಉಳಿದ ಮೂರು ಕಿಲೋಮೀಟರನ್ನು ಅವರು ನನ್ನ ಚಪ್ಪಲಿ ಹಾಕಿಕೊಂಡು ನಡೆದು ಪೂರೈಸಿದರು.

‘ತಪ್ಪು ನನ್ನದು. ಹಾಳೆಯಲ್ಲಿ ಎಚ್ಚರಿಕೆಯನ್ನು ಬಿಟ್ಟವನು ನಾನು.’

ಗುರುಗಳೇ, ವಿಭಕ್ತಿಯ ಮಾತನ್ನು ವರದಿಯಲ್ಲಿ ಇರಿಸಲೇ, ತೆಗೆಯಲೇ? ಹೊಳೆಯಿಂದ ಎದ್ದ ಮೇಲೆ ತಾವು ಬಸ್ ಹತ್ತುವವರೆಗೂ ಯಾರ ಹತ್ತಿರವೂ ಒಂದು ಮಾತು ಆಡಲಿಲ್ಲ. ಅವ್ವ ಮಜ್ಜಿಗೆ ಕೊಟ್ಟಾಗಲೂ ಕೈ ಮುಗಿದಿರಿ, ಅಷ್ಟೇ. ಅವ್ವನ ಮಾತು ಒರಟು. ಅವಳ ಪರವಾಗಿ ಕ್ಷಮೆ ಕೇಳುತ್ತೇನೆ.

ಕಾಟಯ್ಯ

*

ಹೊಳೆದಂಡೆಯ ಕಾವಲು ಮನೆ
27 ಜನವರಿ 2024

ಗುರುಗಳಿಗೆ ನಮಸ್ಕಾರಗಳು.

ಹದಿನೇಳು ದಿನವಾಯಿತು, ತಮ್ಮಿಂದ ಉತ್ತರ ಬರಲಿಲ್ಲ. ಬೇಸರವಾಗಿದೆ ಎಂದು ತಿಳಿದಿದ್ದೇನೆ. ವರದಿಯಲ್ಲಿ ವಿಭಕ್ತಿಯ ಮಾತನ್ನೂ ಅವ್ವನ ಮಾತನ್ನೂ ತೆಗೆದಿದ್ದೇನೆ. ‘ಹೊಳೆ ಮಲಗಿತ್ತು’ ಎಂಬುದನ್ನೂ ತೆಗೆದಿದ್ದೇನೆ. ಇನ್ನು ಮುಂದೆ ಆ ಪದವನ್ನು ಬರವಣಿಗೆಯಲ್ಲಿ ಬಳಸುವುದಿಲ್ಲ. ನಾಡಿದ್ದು ಸೋಮವಾರ ವರದಿಯನ್ನು ಸಾಹೇಬರಿಗೆ ಕೊಡುತ್ತೇನೆ. ಜೋಗಿಮಟ್ಟಿಗೆ ಹೋಗುವುದಾದರೆ ಅಲ್ಲಿಂದಲೂ ಪತ್ರ ಬರೆಯುತ್ತೇನೆ.

ಕಾಟಯ್ಯ

*

ಹೊಳಲ್ಕೆರೆ
28 ಜನವರಿ 2024

ಚಿರಂಜೀವಿ ಕಾಟಯ್ಯನಿಗೆ ಆಶೀರ್ವಾದಗಳು.

ಈ ಪತ್ರ ತಡವಾದದ್ದಕ್ಕೆ ಕಾರಣವಿದೆ. ಪರಿಶೀಲಿಸದೆ ಉತ್ತರ ಬರೆಯುವುದು ನನ್ನ ಪದ್ಧತಿಯಲ್ಲ; ಒಮ್ಮೆ ಹಾಗೆ ಬರೆದು ಒಂದು ಬೂಟನ್ನು ಕಳೆದುಕೊಂಡಿದ್ದೇನೆ.

ಒಂದು ಪದವನ್ನು ಒಪ್ಪಬೇಕಾದರೆ, ಪರಸ್ಪರ ಪರಿಚಯವಿಲ್ಲದ ಮೂವರು ಅದನ್ನು ಒಂದೇ ಅರ್ಥದಲ್ಲಿ ಬಳಸುತ್ತಿರಬೇಕು ಎಂಬುದು ನಾನು ಪಾಲಿಸಿಕೊಂಡು ಬಂದಿರುವ ನಿಯಮ. ನಿನ್ನ ತಾಯಿ ಮೊದಲನೆಯವರಾದರು. ಸಂಕ್ರಾಂತಿಯ ಮರುದಿನ ಭರಮಸಾಗರಕ್ಕೆ ಹೋದೆ. ಕೆರೆಯ ಹಿಂದಿನ ಕೊಯ್ಲಾದ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಕುರಿಮಂದೆಯನ್ನು ನಿಲ್ಲಿಸಿದ್ದರು. ಮಂದೆಯ ಯಜಮಾನ ಕೆಂಚಪ್ಪ ಎಂಬುವರು. ಉತ್ತರವನ್ನು ಬಾಯಿಗೆ ಹಾಕಬಾರದೆಂದು ಪ್ರಶ್ನೆಯನ್ನು ಎಚ್ಚರದಿಂದ ಕೇಳಿದೆ.

"ಯಜಮಾನ್ರೇ, ನೀರು ಕಾಣದ ಹೊಳೆಗೆ ಏನೆಂದು ಹೇಳುತ್ತೀರಿ?"

"ಒಳಗೆ ಐತೋ, ಇಲ್ಲೋ?"

"ಅದು ಮೇಲಿನಿಂದ ತಿಳಿಯುವುದಿಲ್ಲವಲ್ಲ."

"ಕುರಿಗೆ ತಿಳಿತೈತೆ. ಮೂಸಿ ಕಾಲಲ್ಲಿ ಕೆರೆದ್ರೆ ಮಲಗೈತೆ. ಸುಮ್ನೆ ದಾಟ್ಕೊಂಡು ಹೋದ್ರೆ ಬತ್ತೈತೆ. ಓದಿದೋರ ಹಂಗೆ ಕಾಣ್ತೀರಿ, ಇದೇನು ಕೇಳ್ತೀರಿ ಸ್ವಾಮಿ?"

ಇಬ್ಬರಾದರು. ಮೂರನೆಯವರನ್ನು ಹುಡುಕುತ್ತ ಹೊಸದುರ್ಗದ ಕಡೆ ನಾಲ್ಕು ದಿನ ಅಲೆದೆ. ಹೊಳೆಯ ಪಕ್ಕದ ಊರಿನವರು ಬೇಕಾಗಿತ್ತು. ಸಿಕ್ಕವರೆಲ್ಲ ಕೊಳವೆ ಬಾವಿಯ ಮಾತನ್ನೇ ಆಡಿದರು. ಕೊನೆಗೆ ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ದಾಕ್ಷಾಯಿಣಿ, "ದಿನಾ ಬಸ್ ಹತ್ತಿ ಏನ್ ಹುಡುಕ್ತೀರಿ?" ಎಂದು ಕೇಳಿದಳು. ಹೇಳಿದೆ. "ಹೊಳೆ ಮಲಗೋದು ತಾನೆ? ನಮ್ಮೂರಲ್ಲೂ ಹಂಗೇ ಅಂತಾರೆ. ಮಲಗಿದಾಗ್ಲೇ ನಾವು ಒರತೆ ತೆಗೆದು ಬಿಂದಿಗೆ ತುಂಬ್ತಿದ್ದಿದ್ದು," ಎಂದಳು. ಅವಳ ತವರು ಹೊಸದುರ್ಗ ತಾಲ್ಲೂಕಿನಲ್ಲಿ ಇದೇ ವೇದಾವತಿಯ ಪಕ್ಕದಲ್ಲಿದೆ. ನಮ್ಮ ಮದುವೆಯಾಗಿ ನಲವತ್ತೊಂದು ವರ್ಷಗಳಾದವು. ಇಷ್ಟು ವರ್ಷ ಇದನ್ನು ಯಾಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, "ನೀವು ಯಾವಾಗ ಕೇಳಿದ್ರಿ?" ಎಂದು ಪಲ್ಯ ಬಡಿಸಿದಳು.

ಆದ್ದರಿಂದ, ಕಾಟಯ್ಯ, ನಿನ್ನ ಮೂರು ವಾಕ್ಯಗಳು ಮೂರೂ ಸರಿ. ‘ಬತ್ತುವುದು’ ಬೇರೆ, ‘ಮಲಗುವುದು’ ಬೇರೆ. ಒಂದು ಭಾಷೆಯಲ್ಲಿ ಎರಡು ಸ್ಥಿತಿಗಳಿಗೆ ಎರಡು ಮಾತುಗಳಿದ್ದಾಗ ಅವುಗಳಲ್ಲಿ ಒಂದನ್ನು ಹೊಡೆದುಹಾಕುವುದು ತಿದ್ದುಪಡಿಯಲ್ಲ.

ಇನ್ನು ನಿನ್ನ ವರದಿ. ಅದರಲ್ಲಿ ಒಂದೇ ತಪ್ಪಿದೆ. ಅದು ಕೊನೆಯ ವಾಕ್ಯದ ಕರ್ತೃಪದದಲ್ಲಿದೆ. ‘ಎಚ್ಚರಿಕೆಯನ್ನು ಬಿಟ್ಟವನು ನಾನು’ ಎಂಬುದು ‘ಎಚ್ಚರಿಕೆಯನ್ನು ಬಿಡಿಸಿದವರು ಹಾಲೇಶಪ್ಪನವರು’ ಎಂದಾಗಬೇಕು. ಉಳಿದುದರಲ್ಲಿ ಒಂದಕ್ಷರವನ್ನೂ ಮುಟ್ಟಬೇಡ. ವಿಭಕ್ತಿಯ ಮಾತು ಇರಲಿ. ನನ್ನ ಉತ್ತರ ವ್ಯಾಕರಣದ ದೃಷ್ಟಿಯಿಂದ ಸರಿಯಾಗಿಯೇ ಇತ್ತು. ನಿನ್ನ ತಾಯಿಯ ಮಾತು ಇರಲೇಬೇಕು. ಅದು ಒರಟು ಮಾತಲ್ಲ. ಅಂದು ನನಗೆ ಯಾರೂ ಕೊಡದಿದ್ದ ಅರ್ಥವಿವರಣೆ ಅದರಲ್ಲಿತ್ತು.

ನಾನು ಮಾತನಾಡಲಿಲ್ಲವೆಂದು ಬರೆದಿದ್ದೀಯೆ. ಮುನಿದು ಸುಮ್ಮನಿದ್ದದ್ದಲ್ಲ. ಅಂದು ಬೆಳಿಗ್ಗೆ ಮಂಜು ಕರಗಿದಾಗ ನೀನು ಜಯಕ್ಕನವರಿಗೆ, "ನೋಡ್ರಿ, ಹೊಳೆ ಕಂಬಳಿ ತೆಗೀತು," ಎಂದಿದ್ದೆ. ಆಗ ಅದು ನನ್ನ ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಬಿದ್ದಿರಲಿಲ್ಲ. ಮರಳಿನಿಂದ ಎದ್ದ ಮೇಲೆ ಕಿವಿಯ ಬಟ್ಟೆಯನ್ನು ಬಿಚ್ಚಿ ನಿನ್ನ ಹಿಂದೆಯೇ ನಡೆದೆ. ಉಳಿದ ಮೂರು ಕಿಲೋಮೀಟರುಗಳಲ್ಲಿ ನೀನೂ ನಿನ್ನ ಮಗಳೂ ಆಡಿದ, ನನಗೆ ಗೊತ್ತಿಲ್ಲದ ಮಾತುಗಳು ಹದಿನಾಲ್ಕು. ಬರೆದುಕೊಳ್ಳೋಣವೆಂದರೆ ಲೇಖನಿ ಒದ್ದೆಯಾಗಿತ್ತು. ಬಾಯಿ ತೆರೆದರೆ ಮರೆತುಹೋದಾವೆಂದು ಮನಸ್ಸಿನಲ್ಲೇ ಎಣಿಸುತ್ತ ಬಸ್ ಹತ್ತಿದೆ. ಹೊಳಲ್ಕೆರೆ ತಲುಪುವಾಗ ಹನ್ನೆರಡು ಉಳಿದಿದ್ದವು. ಇಷ್ಟು ಸಂತೋಷದಿಂದ ನಾನು ನಡೆದು ಬಹಳ ವರ್ಷಗಳಾಗಿವೆ.

ನೀನು ಹೇಳದೆ ಬಿಟ್ಟ ಒಂದು ಸಂಗತಿಯನ್ನು ಪಲ್ಲವಿ ಹೇಳಿದಳು. ಬಸ್ಸಿನ ಹತ್ತಿರ ನನ್ನ ಪಕ್ಕಕ್ಕೆ ಬಂದು, "ಸಾರ್, ನಮ್ಮಪ್ಪನ ಹತ್ರ ‘ಹೊಳೆ ಬತ್ತಿದೆ’ ಅಂತ ನೂರು ಸಲ ಬರೆಸಿದ್ದು ನೀವೇನಾ?" ಎಂದು ಕೇಳಿದಳು. ನನಗೆ ನೆನಪಿರಲಿಲ್ಲ. ರಾತ್ರಿಯಿಡೀ ಯೋಚಿಸಿದರೂ ನೆನಪಾಗಲಿಲ್ಲ. ಆದರೆ ನಿನ್ನ ‘ಳ’ಕಾರವನ್ನು ಎಲ್ಲಿ ನೋಡಿದ್ದೆನೆಂಬುದು ತಿಳಿಯಿತು: ನೂರು ಸಲ ನೋಡಿದ್ದೆ. ಬರೆದವನು ಇಪ್ಪತ್ತೇಳು ವರ್ಷ ನೆನಪಿಟ್ಟುಕೊಂಡಿದ್ದಾನೆ, ಬರೆಸಿದವನು ಮರೆತಿದ್ದಾನೆ.

ನನ್ನ ತರಗತಿಯಲ್ಲಿ ಒಂದು ತಪ್ಪಿಗೆ ಒಂದೇ ಶಿಕ್ಷೆ, ತಪ್ಪು ಯಾರದ್ದಾದರೂ. ಇದರೊಂದಿಗೆ ಮೂರು ಹಾಳೆಗಳನ್ನು ಇಟ್ಟಿದ್ದೇನೆ. ‘ಹೊಳೆ ಮಲಗಿದೆ’ ಎಂದು ನೂರು ಸಲ ಬರೆದಿದ್ದೇನೆ. ಪರಿಶೀಲಿಸಿ ಸಹಿ ಹಾಕು.

ನಿನ್ನ ಸಾಹೇಬರಿಗೂ ಇದೇ ಟಪಾಲಿನಲ್ಲಿ ಬೇರೆಯಾಗಿ ಏಳು ಪುಟಗಳ ಪತ್ರವನ್ನು ಬರೆದಿದ್ದೇನೆ. ಹೊರಗಿನವರು ಅಚ್ಚುಕಟ್ಟಾದ ಹಾಳೆಯನ್ನು ತರಬಲ್ಲರು, ಆದರೆ ಅಚ್ಚುಕಟ್ಟಾದ ಹಾಳೆ ನನ್ನನ್ನು ಎಲ್ಲಿಗೆ ಕರೆದೊಯ್ಯಿತೆಂಬುದಕ್ಕೆ ಹನ್ನೊಂದು ಮಂದಿ ಸಾಕ್ಷಿಗಳಿದ್ದಾರೆ ಎಂದು ಅದರಲ್ಲಿ ತಿಳಿಸಿದ್ದೇನೆ.

ನಿನ್ನ ತಾಯಿಗೆ ನನ್ನ ನಮಸ್ಕಾರ.

ಹಾಲೇಶಪ್ಪ

ಕಾಟಯ್ಯ, ದಾಕ್ಷಾಯಿಣಿ ಬರಿತಿರೋದು. ಮಂಡಿ ಈಗ ವಾಸಿ. ಕಾಲು ಜಾರಿತು ಅಂತ ಮಾತ್ರ ಹೇಳಿದ್ರು ನಂಗೆ. ಪೂರ್ತಿ ಕಥೆ ಮಂಜಣ್ಣ ಬಂದು ಹೇಳಿದ್ರು, ಎರಡು ಸಲ ಹೇಳಿಸಿಕೊಂಡೆ. ನೂರು ಸಲ ಬರೆಯೋವಾಗ ಬಾಗಿಲು ಹಾಕ್ಕೊಂಡಿದ್ರು. ಮುಂದಿನ ನಡಿಗೆಗೆ ನಾನೂ ಬರ್ತೀನಿ.

*

ಹೊಳೆದಂಡೆಯ ಕಾವಲು ಮನೆ
12 ಫೆಬ್ರವರಿ 2024

ಪೂಜ್ಯ ಗುರುಗಳಿಗೆ ಮತ್ತು ಅಮ್ಮನವರಿಗೆ ನಮಸ್ಕಾರಗಳು.

ತಮ್ಮ ಪತ್ರ ಬರುವ ಹೊತ್ತಿಗೆ ನಾನು ಕತ್ತರಿಸಿದ ವರದಿಯನ್ನು ಕೊಟ್ಟಾಗಿತ್ತು. ತಾವು ಹೇಳಿದಂತೆ ಪೂರ್ತಿಯಾಗಿ ಮತ್ತೆ ಬರೆದು, ಓಡಿಹೋಗಿ ಹಳೆಯದನ್ನು ಹಿಂದಕ್ಕೆ ಕೇಳಿದೆ. ಸಾಹೇಬರ ಮೇಜಿನ ಮೇಲೆ ತಮ್ಮ ಏಳು ಪುಟ ಇತ್ತು, ಆರನೆಯದನ್ನು ಓದುತ್ತಿದ್ದರು. ಮುಗಿಸಿ, ಕನ್ನಡಕ ತೆಗೆದು, ನನ್ನ ಹೊಸ ವರದಿಯನ್ನೂ ಓದಿದರು. ‘ಸಪ್ತಮಿ’ ಬಂದಲ್ಲಿ ನಕ್ಕು, ಪಕ್ಕದ ಕೋಣೆಯವರನ್ನು ಕರೆದು ಅವರಿಗೂ ಓದಿ ಹೇಳಿದರು. ಆಮೇಲೆ, "ಲೇ ಕಾಟಯ್ಯ, ಜೋಗಿಮಟ್ಟಿ ವಿಷಯ ಬಿಡು. ನಡಿಗೆ ನೀನೇ ಮಾಡು, ಹಾಳೇಲಿ ಆ ಮೂರೂ ಮಾತು ಇರ್ಲಿ. ಆ ಮೇಷ್ಟ್ರಿಂದ ಎಂಟನೇ ಪುಟ ಬರದಂಗೆ ನೋಡ್ಕೊ," ಅಂದರು.

ಹೊಸ ಹಾಳೆ ಅಚ್ಚಾಗಿದೆ. ನಾನು ಬರೆದಿದ್ದ ಮೂರು ವಾಕ್ಯಗಳು ಹಾಗೆಯೇ ಇವೆ. ‘ಒರತೆ’ ಮಾತ್ರ ತಾವು ತಿದ್ದಿದಂತೆ ಇದೆ. ಅಮ್ಮನವರೂ ಹಾಗೆಯೇ ಅನ್ನುತ್ತಾರೆಂದು ತಿಳಿದ ಮೇಲೆ ವಾದವಿಲ್ಲ.

ತಮ್ಮ ಎಡಗಾಲಿನ ಬೂಟು ಸಿಕ್ಕಿತು. ಕುರಿಗಳು ನೀರಿಗೆಂದು ಕೆರೆದಾಗ ಮೇಲೆ ಬಂತಂತೆ. ಅವ್ವ ತೊಳೆದು ಮಾಡಿನ ಮೇಲೆ ಒಣಗಲು ಇಟ್ಟಿದ್ದಾಳೆ. "ಮೇಷ್ಟ್ರು ಬಂದೇ ತಗೊಂಡು ಹೋಗ್ಲಿ, ಟಪಾಲಿಗೆ ಹಾಕಬ್ಯಾಡ," ಅಂದಿದ್ದಾಳೆ.

ಇನ್ನು ಮೂರು ಹಾಳೆಗಳ ವಿಷಯ. ಸಹಿ ಹಾಕಲು ನನಗೆ ಕೈ ಬರಲಿಲ್ಲ. ಪಲ್ಲವಿ ಕೆಂಪು ಪೆನ್ನು ಹಿಡಿದು ಕೂತು ಪರಿಶೀಲಿಸಿದಳು. ಅರವತ್ತೊಂದನೇ ಸಾಲಿನಲ್ಲಿ ‘ಗಿ’ಕಾರದ ಗುಡಿಸು ಬಿಟ್ಟುಹೋಗಿ ‘ಹೊಳೆ ಮಲಗದೆ’ ಎಂದಾಗಿದೆ. ಅರ್ಥ ತಲೆಕೆಳಗಾಗುತ್ತದೆಂದು ಪಕ್ಕದಲ್ಲಿ ಬರೆದಿದ್ದಾಳೆ. ಎಣಿಸಿದರೆ ಒಟ್ಟು ತೊಂಬತ್ತೆಂಟು ಸಾಲುಗಳಿವೆ. ಮೂರು ಸಲ ಎಣಿಸಿದೆವು. ನಾನು ಎಂಟನೇ ತರಗತಿಯಲ್ಲಿ ತೊಂಬತ್ತೊಂಬತ್ತು ಬರೆದು ತಂದಾಗ ತಾವು ಬಿಟ್ಟಿರಲಿಲ್ಲ. ಆದ್ದರಿಂದ ಸಹಿ ಹಾಕಿಲ್ಲ.

ಉಳಿದ ಎರಡನ್ನು ಇಲ್ಲಿಗೆ ಬಂದು ಬರೆಯಿರಿ. ಆದರೆ ಬಹಳ ತಡ ಮಾಡಬೇಡಿ. ಮಳೆ ಬಿದ್ದು ಹೊಳೆ ಎದ್ದರೆ ‘ಮಲಗಿತ್ತು’ ಎಂದು ಬರೆಯಬೇಕಾಗುತ್ತದೆ, ಆಗ ಕಾಲ ತಪ್ಪುತ್ತದೆ.

ತಮ್ಮ ವಿದ್ಯಾರ್ಥಿ,
ಕಾಟಯ್ಯ